ಐವತ್ತು ದಾಟಿದ ಮೇಲೆ ತಾಳಮದ್ದಳೆಗೆ ಸೇರಬಹುದೇ?

ಪ್ರಶ್ನೆ (ಬದಿಯಡ್ಕ):
ನನಗೀಗ 51 ವರ್ಷ. ಮುಟ್ಟು ನಿಂತು ವರ್ಷ ಕಳೆದರೂ ರಾತ್ರಿ ಒಮ್ಮೆಲೇ ಮೈ ಬಿಸಿಯೇರಿ ಬೆವರುವುದು ನಿಂತಿಲ್ಲ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟು, ಊರಿನ ಮಹಿಳೆಯರ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ತಂಡದಲ್ಲಿ ಅರ್ಥ (ಪಾತ್ರದ ಮಾತು) ಹೇಳಲು ಸೇರಬೇಕೆಂದಿದ್ದೇನೆ. ‘ಈ ಪ್ರಾಯದಲ್ಲಿ ಇದೆಲ್ಲ ಬೇಕೇ’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಅನುಭವವುಳ್ಳವರು ತಿಳಿಸುವಿರಾ?

ಉತ್ತರ (ಮಂಜೇಶ್ವರ, ನಿವೃತ್ತ ದಾದಿ):
ಅಕ್ಕಾ, ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧವೆನ್ನುತ್ತಾರೆ. ಈಸ್ಟ್ರೋಜನ್ ಹಾರ್ಮೋನು ಇಳಿಯುವಾಗ ಕಾಣಿಸುವ ಈ ಬಿಸಿ, ಬೆವರು ಕೆಲವರಲ್ಲಿ ಹಲವು ವರ್ಷ ಉಳಿಯುತ್ತವೆ. ಆದರೆ ಚಿಕಿತ್ಸೆ ಇರುವುದರಿಂದ ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ. ಈ ಹಂತದಲ್ಲಿ ಮೂಳೆ ಬೇಗನೆ ಸವೆಯುವುದರಿಂದ ನಡಿಗೆಯ ಜೊತೆಗೆ ಸ್ವಲ್ಪ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿರಿ, ರಾಗಿ, ಎಳ್ಳು ಊಟದಲ್ಲಿರಲಿ. ಇನ್ನು ಮುಂದೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು.

ಉತ್ತರ (ಕುಂಬಳೆ):
ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವಳು ನಾನು, ‘ಬೇಡ’ ಎನ್ನುವೆನೇ! ಐವತ್ತು ದಾಟಿದ ಮೇಲೆಯೇ ಅರ್ಥ ಹೇಳತೊಡಗಿದೆ. ಪ್ರಾಯದೊಂದಿಗೆ ತಗ್ಗಿದ ನನ್ನ ಸ್ವರ ರಾವಣನಿಗೆ ಚೆನ್ನಾಗಿ ಒಪ್ಪುತ್ತದೆಂದು ಪದ್ಯ ಹಾಡುವ ಭಾಗವತರೇ ಆ ಪಾತ್ರವನ್ನು ಕೊಟ್ಟರು. ಪದ್ಯಗಳನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡರೆ ಕನ್ನಡಕವಿಲ್ಲದೆಯೂ ಓದಬಹುದು. ಸೊಸೆಯೊಡನೆ ಮಾಡಲಾಗದ ವಾದವನ್ನು ರಾಮನೊಡನೆ ಮಾಡುವ ಸುಖವೇ ಬೇರೆ (ಇದನ್ನು ಅವಳಿಗೆ ಹೇಳಬೇಡಿ).

ಉತ್ತರ (ಪೆರ್ಲ):
ಬಣ್ಣ ಬಿಟ್ಟ ಆರಂಭದಲ್ಲಿ ಕೂದಲು ಎರಡು ಬಣ್ಣವಾಗಿ ಕಾಣುತ್ತದೆ. ತುದಿಗಳನ್ನು ಆಗಾಗ ಕತ್ತರಿಸುತ್ತಿದ್ದರೆ ಸಾಕು.