ಶಾಸಕರಾಗಲು ಹೊರಟ ಪೊಲೀಸ್ ಅಧಿಕಾರಿಯ ಸೇವೆ ಪಿಂಚಣಿಗೆ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ (ಹಾಸನದವ): 2003ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಬಡ್ತಿ ಪಡೆದು ಈಗ ಪಿಎಸ್‌ಐ ಆಗಿರುವ ನಮ್ಮ ಭಾವನವರು ಮುಂದಿನ ವಿಧಾನಸಭಾ ಚುನಾವಣೆಗೆ ನಿಲ್ಲಬೇಕೆಂದಿದ್ದಾರೆ. ಜರ್ಮನಿಯಲ್ಲಿ ಪೊಲೀಸರು ಸಂಸತ್ತಿಗೆ ಆಯ್ಕೆಯಾಗಿ, ಅವಧಿ ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಮರಳುತ್ತಾರಂತೆ. ನಮ್ಮಲ್ಲೂ ರಜೆಯ ಮೇಲೆ ಹೋಗಿ, ಆ ವರ್ಷಗಳನ್ನು ಪಿಂಚಣಿಗೆ ಸೇರಿಸಿಕೊಳ್ಳಲು ಅವಕಾಶವಿದೆಯೇ?

ಉತ್ತರ (ಲೆಕ್ಕಪತ್ರ ಶಾಖೆ, ನಿವೃತ್ತ): ಇಲ್ಲ. ಸರ್ಕಾರಿ ಹುದ್ದೆಯಲ್ಲಿರುವವರು ಸಂವಿಧಾನದ 191ನೇ ವಿಧಿಯ ಪ್ರಕಾರ ಶಾಸಕರಾಗಲು ಅನರ್ಹರು. ರಜೆಯಲ್ಲಿದ್ದರೂ ಹುದ್ದೆ ಹುದ್ದೆಯೇ. ಆದ್ದರಿಂದ ಅವರು ಸೇವೆಯಿಂದ ಹೊರಬರಲೇಬೇಕು, ಆದರೆ ಯಾವ ಅರ್ಜಿ ಕೊಟ್ಟು ಹೊರಬರುತ್ತಾರೆ ಎಂಬುದರ ಮೇಲೆ ಇಡೀ ಕುಟುಂಬದ ಮುಂದಿನ ಬದುಕು ನಿಂತಿದೆ. "ರಾಜೀನಾಮೆ ಅಂಗೀಕರಿಸಬೇಕಾಗಿ ಕೋರಿಕೆ" ಎಂದು ಬರೆದುಕೊಟ್ಟರೆ ಹಿಂದಿನ ಸೇವೆಯೆಲ್ಲ ರದ್ದಾಗುತ್ತದೆ. ಅದೇ ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಕೋರಿದರೆ, ಅರ್ಹತಾದಾಯಕ ಸೇವೆ (ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವಾವಧಿ) ಸಾಕಷ್ಟಿರುವುದರಿಂದ, ಪಿಂಚಣಿ ಉಳಿಯುತ್ತದೆ. 20 ವರ್ಷ ದುಡಿದಿದ್ದೇನೆ ಎಂದು ವಾದಿಸಿದ ದೆಹಲಿಯ ವಿದ್ಯುತ್ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಡಿಸೆಂಬರಿನಲ್ಲಿ, ರಾಜೀನಾಮೆ ಕೊಟ್ಟವರಿಗೆ ಸೇವಾವಧಿ ಎಷ್ಟಿದ್ದರೂ ಪಿಂಚಣಿ ಇಲ್ಲವೆಂದು ಸ್ಪಷ್ಟಪಡಿಸಿದೆ. ಟಿಕೆಟ್ ಸಿಗುವ ಆತುರದಲ್ಲಿ ರಾಜೀನಾಮೆ ಬರೆದುಕೊಡುವುದನ್ನು ದಯವಿಟ್ಟು ತಡೆಯಿರಿ.

ಉತ್ತರ (ಬರ್ಲಿನ್ ಕನ್ನಡಿಗ): ಜರ್ಮನಿಯ ವಿಷಯದಲ್ಲಿ ನೀವು ಕೇಳಿದ್ದು ಅರ್ಧ ನಿಜ. ಪ್ರಚಾರಕ್ಕೆ ರಜೆ ಪಡೆಯುವ ಹಕ್ಕು ಅಲ್ಲಿನ ಸಂವಿಧಾನದ 48ನೇ ವಿಧಿಯಲ್ಲೇ ಇದೆ. ಗೆದ್ದವರ ಸೇವಾ ಹಕ್ಕು-ಕರ್ತವ್ಯಗಳು ಅಮಾನತಿನಲ್ಲಿರುತ್ತವೆ. ಸದಸ್ಯತ್ವ ಮುಗಿದ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಮರಳಬಹುದು. ಆದರೆ ಸಂಸತ್ತಿನಲ್ಲಿ ಕಳೆದ ವರ್ಷಗಳು ಇಲಾಖೆಯ ಪಿಂಚಣಿಗೆ ಸೇರುವುದಿಲ್ಲ. ಅದಕ್ಕೆ ಸಂಸದರದೇ ಪ್ರತ್ಯೇಕ ಭತ್ಯೆಯಿದೆ. ಹಳೆಯ ಸೇವೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನನಗೆ ನ್ಯಾಯವೆನಿಸುವುದು ಇದೇ.

ಉತ್ತರ (ಠಾಣೆಯ ಗೆಳೆಯ): ಲಾಠಿ ಹಿಡಿದವರು ಮತ ಕೇಳಿ, ಸೋತು, ಅದೇ ಠಾಣೆಗೆ ಮರಳಿದರೆ ಎದುರು ಪಕ್ಷದವರು ದೂರು ಕೊಡಲು ಯಾವ ಧೈರ್ಯದಿಂದ ಬಂದಾರು? ಮರಳುವ ಹಕ್ಕು ಇಲ್ಲದಿರುವುದನ್ನು ನಾನು ಒಪ್ಪುತ್ತೇನೆ, ಆದರೆ ದುಡಿದ ವರ್ಷಗಳನ್ನು ಕಿತ್ತುಕೊಳ್ಳುವುದನ್ನು ಒಪ್ಪಲಾರೆ. ಅಂದಹಾಗೆ, ರಾಜ್ಯ ಸೇವೆಗೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್‌ನಲ್ಲಿ (ನೌಕರರ ಹೆಸರಿನ ಖಾತೆಗೆ ವಂತಿಗೆ ಜಮೆಯಾಗುವ ಹೊಸ ಪಿಂಚಣಿ ವ್ಯವಸ್ಥೆ) ಇರುವುದರಿಂದ, ರಾಜೀನಾಮೆ ಕೊಟ್ಟರೂ ಅವರ ಖಾತೆಯ ಹಣ ಹೋಗುವುದಿಲ್ಲ. ನಿಮ್ಮ ಭಾವನವರು ಅದಕ್ಕಿಂತ ಮೊದಲೇ ಸೇರಿದವರು, ಹಾಗಾಗಿ ಅವರಿಗೆ ಆ ರಕ್ಷಣೆಯಿಲ್ಲ. ಇಲಾಖಾ ವಿಚಾರಣೆ ಬಾಕಿಯಿದ್ದರೆ ಸ್ವಯಂ ನಿವೃತ್ತಿಗೆ ತಡೆ ಬರಬಹುದಾದ್ದರಿಂದ ಮೊದಲು ಸೇವಾ ಪುಸ್ತಕ ನೋಡಿಸಿ, ಬಿಡುಗಡೆ ಆದೇಶ ಕೈಗೆ ಬಂದ ಮೇಲೆಯೇ ನಾಮಪತ್ರ ಸಲ್ಲಿಸಲಿ.