ಸಹಾಯ ಬೇಕು: ಐಎಲ್-6 ಜೀನ್, ಬೊಜ್ಜು, ಬಾಣ ಯಾವ ಕಡೆಗೆ?

ಎಲ್ಲರಿಗೂ ನಮಸ್ಕಾರ. ಸೋಮವಾರ ಎಂಎಸ್ಸಿ ಸೆಮಿನಾರ್ ಇದೆ, ಯಾವುದರಿಂದ ಯಾವುದಾಗುತ್ತದೆ ಅಂತ ಬಾಣ ಹಾಕಿ ತೋರಿಸುವ ಒಂದೇ ಚಿತ್ರದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ರೋಗನಿರೋಧಕ ವ್ಯವಸ್ಥೆಯ ಐಎಲ್-6 (ಇಂಟರ್‌ಲ್ಯೂಕಿನ್-6) ಅನ್ನೋ ಸಂಕೇತ ಪ್ರೋಟೀನ್ ತಯಾರಿಸುವ ಜೀನ್‌ನ ಮೈನಸ್ 174ನೇ ಜಾಗದಲ್ಲಿ (ಜೀನ್ ಶುರುವಾಗುವ ಕಡೆಗಿಂತ 174 ಅಕ್ಷರ ಮೊದಲು) ಕೆಲವರಿಗೆ ಡಿಎನ್‌ಎ ಅಕ್ಷರ ಜಿ, ಕೆಲವರಿಗೆ ಸಿ ಇರುತ್ತದಲ್ಲ, ಅದಕ್ಕೂ ಮೈಕೊಬ್ಬಿಗೂ ಏನು ಸಂಬಂಧ ಅನ್ನೋದು ವಿಷಯ.

ಕೊಬ್ಬಿನ ಅಂಗಾಂಶವೇ ಐಎಲ್-6 ಬಿಡುತ್ತದೆ, ದಪ್ಪ ಇದ್ದವರ ರಕ್ತದಲ್ಲಿ ಅದು ಜಾಸ್ತಿ. ಇಲ್ಲಿವರೆಗೆ ಸರಿ. ಆದರೆ 2002ರ ಪ್ರಯೋಗದಲ್ಲಿ ಈ ಜೀನ್ ಇಲ್ಲದ ಇಲಿಗಳು ವಯಸ್ಸಾದಂತೆ ದಪ್ಪಗಾದವು! ಮನುಷ್ಯರ ಮೇಲಿನ ನಾಲ್ಕು ಪೇಪರ್ ಓದಿದೆ, ಒಂದಕ್ಕೊಂದು ತಾಳೆಯಿಲ್ಲ. ಗೈಡ್ ಕೇಳಿದರೆ "ಎರಡೂ ಬರೆದುಬಿಡಮ್ಮ" ಅಂದರು. ಬಾಣ ಬರೆದು ಅಳಿಸಿ ಹಾಳೆಯೇ ತೂತಾಗಿದೆ.

ಜೀನ್‌ನಿಂದ ಬೊಜ್ಜಿಗೆ ಬಾಣ ಹಾಕಲಾ, ಬೊಜ್ಜಿನಿಂದ ಐಎಲ್-6ಗೆ ಹಾಕಲಾ? ಎರಡೂ ಕಡೆ ಹಾಕಿದರೆ, ಆ ಇಲಿಗಳ ವಿಷಯವನ್ನು ಹೇಗೆ ವಿವರಿಸಲಿ?