ಪೀಣ್ಯದ ಸಣ್ಣ ಕಂಪನಿಗೆ ಹೊಸ ಸರ್ವರ್ರೋ, ಕ್ಲೌಡೋ?

ಪ್ರಶ್ನೆ: ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಜಾಬ್‌ವರ್ಕ್ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ, ವಹಿವಾಟು 8 ಕೋಟಿ. 14 ಕಂಪ್ಯೂಟರ್, 9ರಲ್ಲಿ ಇನ್ನೂ ವಿಂಡೋಸ್ 10. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಓಡುವ ಸರ್ವರ್‌ಗೆ ಆರು ವರ್ಷ ತುಂಬಿದೆ. ಈ ವರ್ಷ ಐಟಿಗೆ 6 ಲಕ್ಷ ಎತ್ತಿಟ್ಟಿದೆ. ಹೊಸ ಸರ್ವರ್ ತಗೊಳ್ಳೋದಾ, ಎಲ್ಲ ಕ್ಲೌಡ್‌ಗೆ (ನೆಟ್ ಮೂಲಕ ಬಳಸುವ ಬಾಡಿಗೆ ಸರ್ವರ್‌ಗೆ) ಹಾಕೋದಾ?

ಉತ್ತರ 1: ಸರ್ವರ್‌ಗಿಂತ ಮೊದಲು ಆ 9 ನೋಡಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಂತ ಒಂಬತ್ತನ್ನೂ ಗುಜರಿಗೆ ಹಾಕಬೇಡಿ. ಇಂಟೆಲ್ 8ನೇ ಜನರೇಷನ್ ಅಥವಾ ಆಮೇಲಿನದಾದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಆಫ್ ಆಗಿದೆಯಾ ನೋಡಿ. ಎಷ್ಟೋ ಸಲ ಅದನ್ನು ಆನ್ ಮಾಡಿದರೆ ವಿಂಡೋಸ್ 11 ಕೂರುತ್ತದೆ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿ.

ತೆರಿಗೆ ಲೆಕ್ಕ: ಕಂಪ್ಯೂಟರ್, ಸರ್ವರ್‌ಗೆ ವರ್ಷಕ್ಕೆ ಸವಕಳಿ (ಬೆಲೆ ಇಳಿದದ್ದಕ್ಕೆ ಲಾಭದಲ್ಲಿ ಕಳೆಯುವ ಮೊತ್ತ) 40%. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧವೇ. 2 ಲಕ್ಷದ ಸರ್ವರ್ ಅಕ್ಟೋಬರ್ ಮೊದಲ ವಾರ ದಾಟಿ ಬಂದರೆ 80,000 ಬದಲು 40,000 ಮಾತ್ರ. 18% ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ತಗೊಂಡರೆ ಆ ಮೊತ್ತಕ್ಕೆ ಮತ್ತೆ ಸವಕಳಿ ಹಾಕುವಂತಿಲ್ಲ. ಕ್ಲೌಡ್ ಬಾಡಿಗೆ ಮಾತ್ರ ಆ ವರ್ಷದ ಖರ್ಚಿಗೇ ಪೂರ್ತಿ ಹೋಗುತ್ತದೆ.

ಉತ್ತರ 2: "ಎಲ್ಲ" ಬೇಡ. ಸಿಎನ್‌ಸಿ ಪ್ರೋಗ್ರಾಂ ಫೈಲುಗಳು ಫ್ಯಾಕ್ಟರಿಯಲ್ಲೇ ಇರಲಿ, ಇಲ್ಲದಿದ್ದರೆ ನೆಟ್ ಹೋದ ದಿನ ಮಷೀನ್ ಖಾಲಿ ನಿಲ್ಲುತ್ತದೆ. ಎರಡು ಡಿಸ್ಕಿನ ನಾಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ), ರೈಡ್ 1 (ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ) ಸಾಕು. ಆದರೆ ರೈಡನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ: ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಡಿದರೆ ಎರಡೂ ಡಿಸ್ಕ್ ಒಟ್ಟಿಗೇ ಹೋಗುತ್ತವೆ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ವೈರ್ ಕಿತ್ತು ಬೀರುವಿನಲ್ಲಿಡಿ.

ಟ್ಯಾಲಿ ಕ್ಲೌಡ್‌ಗೆ ಹೋಗಲಿ. ದೂರದಿಂದ ವಿಂಡೋಸ್‌ಗೆ ಲಾಗಿನ್ ಆಗುವ 3389 ಪೋರ್ಟ್ ಮಾತ್ರ ಇಂಟರ್ನೆಟ್‌ಗೆ ತೆರೆಯಲೇಬೇಡಿ, ವಿಪಿಎನ್ (ಗುಪ್ತ ಸಂಪರ್ಕ) ಮೂಲಕ ಬನ್ನಿ. ಬಿಲ್ ಉಬ್ಬುವುದು ರಾತ್ರಿ ಹೊತ್ತು: ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ನಲ್ಲಿ ವಿಂಡೋಸ್ ಒಳಗಿಂದ ಶಟ್‌ಡೌನ್ ಕೊಟ್ಟರೆ ಮೀಟರ್ ನಿಲ್ಲದು. ಪೋರ್ಟಲ್‌ನಲ್ಲಿ ಸ್ಟಾಪ್ ಕೊಟ್ಟು "ಡೀಅಲೊಕೇಟೆಡ್" ಅಂತ ಬರಬೇಕು. ಆಗಲೂ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ.

ಉತ್ತರ 3: ಕಂಪನಿ ಆದ್ದರಿಂದ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ (ಯಾವ ತಿದ್ದುಪಡಿ ಯಾವಾಗ ಆಯ್ತೆಂಬ ದಾಖಲೆ) ಇರಲೇಬೇಕು, ಆಫ್ ಮಾಡುವಂತಿಲ್ಲ. ಲೆಕ್ಕದ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರ್‌ಗೆ ಬೀಳಬೇಕು; ಕ್ಲೌಡ್ ತಗೊಳ್ಳುವಾಗ ರೀಜನ್ (ಸರ್ವರ್ ಇರುವ ಜಾಗ) ಭಾರತದಲ್ಲೇ ಇದೆಯಾ ಅಂತ ಬರಹದಲ್ಲಿ ಕೇಳಿ. ವಹಿವಾಟು 5 ಕೋಟಿ ದಾಟಿದ್ದರಿಂದ ಇ-ಇನ್‌ವಾಯ್ಸ್ ಇದ್ದೇ ಇದೆ. ಐಆರ್‌ಎನ್ (ಇ-ಇನ್‌ವಾಯ್ಸ್ ಪೋರ್ಟಲ್ ಕೊಡುವ ನಂಬರ್) ಬರದೆ ಬಿಲ್ ಆಗದು, ಗಾಡಿ ಗೇಟಲ್ಲೇ ನಿಲ್ಲುತ್ತದೆ. ಹಾಗಾಗಿ ನೆಟ್ ಕೈಕೊಡದಂತೆ ಬೇರೆ ಬೇರೆ ಕಂಪನಿಯ ಎರಡು ನೆಟ್ ಲೈನ್ ಹಾಕಿಸಿ, ಎರಡೂ ಒಂದೇ ಕಂಬದಿಂದ ಬರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಬಯಾಸ್ ನೋಡಿದ್ದಾಯ್ತು, 9ರಲ್ಲಿ 5 ಉಳಿಯುತ್ತವೆ. ಸರ್ವರ್ ಕೊಟೇಷನ್ ನಿಲ್ಲಿಸಿ ನಾಸ್‌ಗೆ ಕೇಳಿದ್ದೇನೆ.